ಪಾಚಿಯ ಕಾವು

ಧ್ರುವದ ಕಡಲಲ್ಲಿ ಹಡಗು ನಿಂತಿತ್ತು. ಪಕ್ಕದ ಹಿಮದ ಹಾಸಿನ ಅಂಚಿಗಿಳಿದ ಪ್ರೊಫೆಸರರು ದಪ್ಪ ಜಾಕೆಟ್ಟಿನ ಮೇಲೆ ಸನ್ಮಾನದ ಶಾಲು ಹೊದ್ದು ಫೋಟೊಗೆ ಎದೆಯುಬ್ಬಿಸಿದರು. ಸುತ್ತಲ ನೀರು ಪಾಚಿಯಿಂದ ಹಸಿರುಗಟ್ಟಿತ್ತು.

ಹಡಗಿನಲ್ಲಿ ಕ್ಯಾಮೆರಾ ಹಿಡಿದಿದ್ದ ಶಿಷ್ಯೆ ವಾಕಿಟಾಕಿಯಲ್ಲಿ ಹೇಳಿದಳು: "ಬೇಗ ಬಂದ್ಬಿಡಿ ಸರ್. ಈ ಪಾಚಿ ಬಿಸಿಲಿನ ಶಾಖಾನೆಲ್ಲ ಮೇಲಿನ ನೀರಲ್ಲೇ ಹಿಡ್ಕೊಳ್ಳತ್ತೆ. ಹಿಮ ಅಡಿಯಿಂದ ಕರಗ್ತಿದೆ."

"ಪಾಚಿ ಕಡಲು ಕಾಯಿಸತ್ತಾ? ಅದರ ಬದಲು ನಿನ್ನ ಥೀಸಿಸ್ಸನ್ನ ಹಂಡೆ ಒಲೆಗೆ ಹಾಕು, ಸ್ನಾನಕ್ಕಾದ್ರೂ ನೀರು ಕಾಯತ್ತೆ."

ಇಂಥ ಅರೆಬೆಂದ ತಲೆಗಳನ್ನು ಎಷ್ಟು ಕಂಡಿಲ್ಲ ಎಂದುಕೊಳ್ಳುತ್ತ ಅವರು ಶಾಲು ಸರಿಮಾಡಿಕೊಂಡು ತಲೆಯೆತ್ತಿದರು. ಹಡಗು ದೂರ ಸರಿಯುತ್ತಿತ್ತು. ಪಿತ್ತ ನೆತ್ತಿಗೇರಿತು.

"ನಾನಿನ್ನೂ ಇಲ್ಲೇ ಇದೀನಿ. ಹಡಗು ಹೊರಡಿಸು ಅಂತ ಹೇಳಿದ್ಯಾರು?"

"ಹಡಗು ಕದಲಿಲ್ಲ ಸರ್. ಲಂಗರು ಇನ್ನೂ ನೀರಲ್ಲೇ ಇದೆ."