ಅತ್ತಿಗೆಯ ಮೂಗು

ಅತ್ತಿಗೆಯ ಸೋದರಮಾವ ಮತ್ತೆ ಕೆಮ್ಮಿದ. ಮೈದುನ ಮನಸ್ಸಿನಲ್ಲೇ ಎಣಿಸಿದ: ಮೂರು.

ಇದು ಕೆಮ್ಮಲ್ಲ, ಸನ್ನೆ. ಆ ಮುದುಕನದು ಸಾಮಾನ್ಯ ಗಂಟಲಲ್ಲ. ಕಾಗೆ, ಎಣ್ಣೆ ಕಾಣದ ಬಾಗಿಲು, ಸ್ಟಾರ್ಟ್ ಆಗದ ಸ್ಕೂಟರು, ಎಲ್ಲವೂ ಅದರೊಳಗೆ ಬಾಡಿಗೆಗಿದ್ದವು. ಐದು ವರ್ಷಗಳಿಂದ ಅತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತನ್ನ ವೈನನ್ನು ತಪ್ಪದೆ ಗುರುತಿಸುತ್ತಿದ್ದುದು ಮೂಗಿನಿಂದಲ್ಲ, ಈ ಗಂಟಲಿನಿಂದ. ಮೈದುನನಿಗೆ ಅದು ಖಾತ್ರಿಯಾಗಿತ್ತು.

ಇವತ್ತು ಅದಕ್ಕೊಂದು ಕೊನೆ ಕಾಣಿಸಬೇಕು. ಜೇಬಿನಲ್ಲಿ ಕ್ರಯಪತ್ರ ಸಿದ್ಧವಿತ್ತು. ಗುಡ್ಡದಾಚೆಯ ವೈನ್ ಕಾರ್ಖಾನೆಗೆ ಗೋದಾಮು ಕಟ್ಟಲು ಜಾಗ ಬೇಕು. ಜಾಗದ ತುಂಬ ಅಣ್ಣ ನೆಟ್ಟ ದ್ರಾಕ್ಷಿ ಬಳ್ಳಿಗಳು. ಬಳ್ಳಿಗಳ ನಡುವೆ ಅತ್ತಿಗೆ. ಅಣ್ಣ ತೀರಿಕೊಂಡ ವರ್ಷ ಸಹಿ ಕೇಳಲು ಹೋದವನಿಗೆ ಅವಳು ಎಲ್ಲರೆದುರೇ ಹೇಳಿದ್ದಳು:

"ನನ್ನ ವೈನು ನನಗೇ ಗುರುತು ಸಿಗದ ದಿನ ಸಹಿ ಹಾಕ್ತೀನಿ. ಅಲ್ಲೀವರೆಗೂ, ಗೇಟು ಅಲ್ಲಿದೆ ನೋಡು."

ಶೆಡ್ಡಿನ ಉದ್ದ ಮೇಜಿನ ಸುತ್ತ ಬೆಳಗಿನಿಂದ ಒಂದೇ ನಗು. ವರ್ಷಕ್ಕೊಮ್ಮೆ ಸುತ್ತಲಿನ ಮೂರು ತೋಟದವರು ತಂತಮ್ಮ ಬಾಟಲಿ ಹಿಡಿದು ಇಲ್ಲಿ ಸೇರುತ್ತಿದ್ದರು. ಹೊರಗಿನ ಯೀಸ್ಟು ಹಾಕದ, ಔಷಧಿ ಬೆರೆಸದ, ಸೋಸದ ವೈನು ಇವರದು. ಅತ್ತಿಗೆಯ ಜೊತೆಗೆ ಒಬ್ಬ ಗಡ್ಡಪ್ಪ, ಒಬ್ಬರು ನಿವೃತ್ತ ದಂತವೈದ್ಯೆ. ಹಲ್ಲು ಕೀಳುತ್ತಿದ್ದವರು ಈಗ ಅದೇ ಉತ್ಸಾಹದಲ್ಲಿ ಬಿರಡೆ ಕೀಳುತ್ತಿದ್ದರು.

ಗಡ್ಡಪ್ಪ ಗ್ಲಾಸು ತಿರುಗಿಸಿ ಮೂಸಿದ. "ಒದ್ದೆ ಕಲ್ಲು... ಹಳೇ ಚರ್ಮ... ಸ್ವಲ್ಪ ಕುದುರೆ."

"ಸ್ವಲ್ಪ ಯಾಕೆ, ಪೂರ್ತಿ ತಗೋ!" ಎಂದು ಸೋದರಮಾವ ಕೆನೆದ. ಆಮೇಲೆ ಕಾರ್ಖಾನೆಯ ಮ್ಯಾನೇಜರನಾಗಿ ಎದ್ದು ನಿಂತು ಟೈ ಸರಿಪಡಿಸಿಕೊಂಡ. ಟೈ ಇರಲಿಲ್ಲ, ಆದರೂ ಎಲ್ಲರಿಗೂ ಕಂಡಿತು. "ನಮ್ಮ ವೈನು ಯಾವ ವರ್ಷ ಕುಡಿದರೂ ಒಂದೇ ಥರ!"

"ಕಟ್ಟಿಸಿದ ಹಲ್ಲಿನ ಥರ," ಎಂದರು ದಂತವೈದ್ಯೆ. ಹಾಗೆನ್ನುತ್ತಲೇ ಮೈದುನನ ಕಡೆ ತಿರುಗಿ ಮುಖ ಸಿಂಡರಿಸಿದರು. "ಏನ್ರೀ ಇದು, ಸೆಂಟಲ್ಲಿ ಸ್ನಾನ ಮಾಡಿ ಬಂದಿದ್ದೀರಾ? ಇವತ್ತು ಇಲ್ಲಿ ಮೂಗಿಗೆ ಕೆಲಸ ಇದೆ ಕಣ್ರೀ!"

ಬೇಕೆಂದೇ ಹಾಕಿಕೊಂಡು ಬಂದಿದ್ದ.

"ಬಿಡಿ ಡಾಕ್ಟ್ರೇ," ಅತ್ತಿಗೆ ನಕ್ಕಳು. "ಮೈದುನನ ಸೆಂಟು ನನ್ನ ಮೂಗಿಗೆ ಲೆಕ್ಕಕ್ಕೇ ಇಲ್ಲ."

"ಆದರೂ ಈ ಸಲ ಆತುರ ಮಾಡಿಬಿಟ್ರಿ," ಅವಳ ಬಾಟಲಿ ಎತ್ತಿ ನೋಡುತ್ತ ದಂತವೈದ್ಯೆ ಹೇಳಿದರು. "ಹುದುಗು ಅಡಗೋ ಮುಂಚೇನೇ ತುಂಬಿಸಿದ್ದೀರಿ. ನಮ್ಮದೆಲ್ಲ ಎಂದೋ ತಣ್ಣಗಾಯ್ತು."

"ನನ್ನದು ಇನ್ನೂ ಬದುಕಿರಲಿ ಅಂತ."

ಪರೀಕ್ಷೆಯ ಹೊತ್ತಾಯಿತು. ನಾಲ್ಕು ಗ್ಲಾಸು. ಒಂದರಲ್ಲಿ ಅವಳದು, ಮೂರರಲ್ಲಿ ಉಳಿದಿಬ್ಬರದು, ತಳದಲ್ಲಿ ಗುರುತಿನ ಚೀಟಿ. ನಾಲಿಗೆಗೆ ತಾಗಿಸುವಂತಿಲ್ಲ, ಮೂಗೊಂದೇ. ವೈನು ಮಾಡದವರು ಸುರಿಯಬೇಕೆಂಬುದು ಅವರ ಪದ್ಧತಿ. ಇಷ್ಟು ವರ್ಷ ಸುರಿದವನು ಸೋದರಮಾವ.

"ಈ ಸಲ ನಾನು ಸುರೀತೀನಿ," ಎಂದ ಮೈದುನ. "ಮಾವ ಹೊರಗಿರಲಿ. ಕೆಮ್ಮು ಬೇರೆ ಜಾಸ್ತಿ ಆದಂಗಿದೆ."

ಮುದುಕ ಥೇಟ್ ಮೈದುನನ ದನಿಯಲ್ಲೇ "ಕೆಮ್ಮು ಬೇರೆ ಜಾಸ್ತಿ ಆದಂಗಿದೆ" ಎಂದು ಗೊಣಗುತ್ತ ಹೊರಗೆ ಹೋದ. ಮೈದುನ ಬಾಗಿಲು ಹಾಕಿದ. ಎಲ್ಲರಿಗೂ ಬೆನ್ನು ಮಾಡಿ ನಿಂತು ಸುರಿದ, ಚೀಟಿ ಅಂಟಿಸಿದ.

ಅತ್ತಿಗೆ ಕಣ್ಣಿಗೆ ಬಟ್ಟೆ ಬಿಗಿದುಕೊಂಡಳು. "ಫ್ಯಾನು ಆರಿಸು. ವಾಸನೆ ಹಾರಿಹೋಗುತ್ತೆ. ಯಾರೂ ಪಿಟ್ ಅನ್ನಬೇಡಿ."

ಶೆಡ್ಡು ಸ್ತಬ್ಧವಾಯಿತು. ಅವಳು ಮುಖ ಓರೆ ಮಾಡಿ, ಮೊದಲ ಗ್ಲಾಸನ್ನು ಕೆನ್ನೆಯ ಪಕ್ಕ ಹಿಡಿದು, ಆಮೇಲೆ ನಿಧಾನವಾಗಿ ಮೂಗಿನ ಕೆಳಗೆ ತಂದಳು. ಎರಡನೆಯದು. ಮೂರನೆಯದು. ನಾಟಕ ನೋಡು ಇವಳದು, ಎಂದುಕೊಂಡ ಮೈದುನ. ನಾಲ್ಕನೆಯದನ್ನು ಹಿಡಿದವಳು ಬಹಳ ಹೊತ್ತು ಹಾಗೇ ನಿಂತಳು. ಮತ್ತೆ ಮೊದಲನೆಯದಕ್ಕೆ ಬಂದಳು. ಹಣೆಯಲ್ಲಿ ಬೆವರು. ಅವನ ಕೈ ಜೇಬಿಗೆ ಹೋಯಿತು.

ಅವಳು ಬಟ್ಟೆ ಕಿತ್ತೆಸೆದಳು.

"ನಾಲ್ಕರಲ್ಲೂ ನನ್ನದಿಲ್ಲ."

ಗಡ್ಡಪ್ಪ ಒಂದೊಂದೇ ಗ್ಲಾಸೆತ್ತಿ ತಳ ನೋಡಿದ. "ನಂದು. ಡಾಕ್ಟ್ರದು. ನಂದು... ಇದೂ ಡಾಕ್ಟ್ರದೇ! ಅಕ್ಕಾ, ನಿಮ್ಮದು ಮೂಗಲ್ಲ, ದುರ್ಬೀನು!"

ದಂತವೈದ್ಯೆ ಮೈದುನನ ಮುಖವನ್ನು ಹಲ್ಲು ಪರೀಕ್ಷಿಸುವ ಹಾಗೆ ನೋಡಿದರು. "ಬೇರಿನವರೆಗೂ ಹುಳುಕು."

ಅತ್ತಿಗೆ ಅವನ ಜೇಬಿನತ್ತ ಕೈ ಚಾಚಿದಳು. ಕ್ರಯಪತ್ರ ಜೇಬಿನಿಂದ ಹೊರಬಂತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಡಿಗೆ ತುರುಕಿದಳು. ಮೇಜು ಅಲುಗಾಡುವುದನ್ನು ನಿಲ್ಲಿಸಿತು.

ಅತ್ತಿಗೆಯನ್ನು ಬಿಟ್ಟು ಉಳಿದವರು ಗ್ಲಾಸು ಹಿಡಿದು ಬಳ್ಳಿಗಳ ನೆರಳಿಗೆ ಹೋದರು. ಮುದುಕ ಅಲ್ಲಿ ಆಗಲೇ ಮ್ಯಾನೇಜರನ ಅಳುವನ್ನು ಅಭಿನಯಿಸುತ್ತಿದ್ದ. ಮೈದುನ ಸ್ಕೂಟರಿನ ತನಕ ಹೋಗಿ, ಕೀಲಿಕೈ ಮರೆತದ್ದು ನೆನಪಾಗಿ ತಿರುಗಿ ಬಂದ. ಒಪ್ಪಲೇಬೇಕಿತ್ತು. ಸನ್ನೆಯಿಲ್ಲ, ಕೆಮ್ಮಿಲ್ಲ. ಅವಳ ಮೂಗು ನಿಜವಾದ ಮೂಗು.

ಶೆಡ್ಡಿನ ಬಾಗಿಲಲ್ಲೇ ಅವನು ಮೂಗು ಮುಚ್ಚಿಕೊಂಡ. ಸುಟ್ಟ ಬಟ್ಟೆಯ ಘಾಟು. ಮೂಲೆಯ ಒಲೆಯ ಅಂಚಿನಲ್ಲಿ ಒರೆಸುವ ಬಟ್ಟೆ ಸದ್ದಿಲ್ಲದೆ ಕರಕಾಗುತ್ತಿತ್ತು. ಅದಕ್ಕೆ ಬೆನ್ನು ಮಾಡಿ, ಒಂದೇ ಮಾರು ದೂರದಲ್ಲಿ, ಅತ್ತಿಗೆ ಹಾಡು ಗುನುಗುತ್ತ ಗ್ಲಾಸು ಒರೆಸುತ್ತಿದ್ದಳು.

ಅವನು ಹಾರಿ ಬಂದು ಬಟ್ಟೆಯನ್ನು ಬಕೆಟ್ಟಿಗೆಸೆದ. "ಅತ್ತಿಗೆ! ಇಷ್ಟು ಘಾಟು ಹೊಡೀತಿದೆ, ನಿಮಗೆ ವಾಸನೆ..."

ಅವನು ಅವಳ ಮೂಗನ್ನೇ ನೋಡಿದ.

ಅತ್ತಿಗೆ ಬಕೆಟ್ಟನ್ನು ನೋಡಿದಳು, ಅವನನ್ನು ನೋಡಿದಳು. ತನ್ನ ಬಾಟಲಿಯಿಂದ ಒಂದಿಷ್ಟು ಸುರಿದು, ಗ್ಲಾಸನ್ನು ಅವನ ಕಿವಿಗೆ ಹಿಡಿದಳು. ಒಳಗೆ ಇನ್ನೂ ಅಡಗದ ಹುದುಗು ಸಣ್ಣಗೆ, ಬಿಡದೆ, ಚಿಟಿಚಿಟಿ ಎನ್ನುತ್ತಿತ್ತು.

"ಮೂಗನ್ನ ಹೋದ ಚಳಿಗಾಲದ ಜ್ವರ ತಗೊಂಡು ಹೋಯ್ತು, ತೋಟ ತಗೊಂಡು ಹೋಗೋಕೆ ಮಾತ್ರ ನಾನು ಯಾರಿಗೂ ಬಿಡಲ್ಲ."