ಸಿಹಿನೀರು

ದೂರದ ದೊಡ್ಡ ದೇಶದ ಸೈನ್ಯ ಮರಳುಗಾಡಿನ ಆ ಹಳ್ಳಿಗೆ ನುಗ್ಗಿ ಬಂದದ್ದು ವೈರಿಗಳು ಅಲ್ಲಿ ಅಡಗಿದ್ದಾರೆ ಎಂದು ಹೇಳಿಕೊಂಡು. ಮೊದಲ ದಿನದ ಗುಂಡಿನ ದಾಳಿಯಲ್ಲೇ ಸಕೀನಾಳ ಒಬ್ಬನೇ ಮಗ ಯೂನುಸ್ ಸತ್ತ. ಅವನೂ ವೈರಿಯೇ ಎಂದರು.

"ಅವನು ಕುರಿ ಕಾಯ್ತಿದ್ದ ಸಾಹೇಬ್ರೇ," ಎಂದು ಸಕೀನಾ ಅಧಿಕಾರಿಯ ಮುಂದೆ ಗೋಳಾಡಿದಳು.

ಅಧಿಕಾರಿಯ ಉತ್ತರವನ್ನು ದುಭಾಷಿ ಅವಳ ಭಾಷೆಯಲ್ಲಿ ತಿಳಿಸಿದ: "ನಿಮಗೆ ಸ್ವಾತಂತ್ರ್ಯ ಕೊಡೋಕೆ ಬಂದಿದ್ದಾರಂತೆ. ಕೊನೇ ವೈರಿ ಸಿಗೋವರೆಗೂ ಹೋಗಲ್ವಂತೆ."

ಆಮೇಲೆ ದೊಡ್ಡ ದೊಡ್ಡ ಯಂತ್ರಗಳು ಬಂದು ಊರ ಹೊರಗೆ ನೆಲ ಕೊರೆಯತೊಡಗಿದವು. ಒಂದು ಬೆಳಿಗ್ಗೆ ನೀರು ಚಿಮ್ಮಿತು. ಸಿಹಿನೀರು! ಊರಿಗೆ ಊರೇ ಓಡಿಬಂದು ನೆನೆಯಿತು. ಸಕೀನಾ ಕೂಡ ಅಳು ನುಂಗಿಕೊಂಡು ಅಧಿಕಾರಿಗೆ ಒಂದು ಬಟ್ಟಲು ನೀರು ತಂದುಕೊಟ್ಟಳು.

ಅವನು ಕುಡಿಯಲಿಲ್ಲ. ಫೋನಿನಲ್ಲಿ ಯಾರಿಗೋ, "ಇಲ್ಲಿ ಎಣ್ಣೆ ಇಲ್ಲ ಸರ್, ಬರೀ ನೀರು," ಎಂದ. ಮಧ್ಯಾಹ್ನದ ಹೊತ್ತಿಗೆ ಸೈನಿಕರು ಡೇರೆಗಳನ್ನು ಕೀಳತೊಡಗಿದರು.

ಲಾರಿ ಹತ್ತುತ್ತಿದ್ದ ದುಭಾಷಿಯನ್ನು ಸಕೀನಾ ತಡೆದು ಕೇಳಿದಳು: "ಹೊರಟೇಬಿಟ್ರಲ್ಲ ಮಗಾ, ವೈರಿಗಳೆಲ್ಲ ಸಿಕ್ಕಿದ್ರಾ?"

ಅವನು ಅವಳ ಮುಖ ನೋಡಲಾರದೆ ಹೇಳಿದ: "ಈ ಊರಲ್ಲಿ ವೈರಿಗಳು ಇರಲೇ ಇಲ್ವಂತೆ, ಅಮ್ಮಾ."