ಸದ್ದಿಗೆ ಕಾದವರು

ವಿಮಾ ಕಂಪನಿಯ ಅಧಿಕಾರಿ ಶಗುಫ್ತಾ ಬೆಳಗ್ಗೆಯೇ ಬಂದು ತಮ್ಮ ಆಫೀಸಿನ ಬಾಡಿಗೆಗೆ ಕಟ್ಟಡ ನೋಡಿಕೊಂಡು ಹೋಗಬೇಕಿತ್ತು. ಸೇಡಂನಿಂದ ಹೊರಟ ರೈಲು ವಾಡಿಯಲ್ಲಿ ನಿಂತೇಬಿಟ್ಟಿತು. ಅವರು ಶಹಾಬಾದದ ಬಜಾರಿನಲ್ಲಿ ಆಟೊ ಇಳಿದಾಗ ಮೂರೂವರೆ ದಾಟಿತ್ತು. ಬಾಗಿಲಲ್ಲಿ ಕಾಯುತ್ತಿದ್ದ ಪದ್ಮಶ್ರೀ ಅವಸರದಿಂದ ಎದುರು ಹೋದಳು. ಊರಾಚೆಯ ಕಲ್ಲುಗಣಿಯಲ್ಲಿ ದಿನವೂ ನಾಲ್ಕರ ಸುಮಾರಿಗೆ ಬ್ಲಾಸ್ಟಿಂಗ್ ಆಗುತ್ತದೆ. ಆಗ ಬಜಾರಿನ ನೆಲವೆಲ್ಲ ನಡುಗುತ್ತದೆ. ಅದಕ್ಕೆಂದೇ ಅಧಿಕಾರಿಯನ್ನು ಬೆಳಗ್ಗೆ ಕರೆಸಿ, ಊಟಕ್ಕೆ ಮೊದಲೇ ಸಾಗಹಾಕುವುದೆಂದು ಅವಳೂ ಪಾಲುದಾರ ಲಕ್ಷ್ಮಿಕಾಂತನೂ ಮಾತಾಡಿಕೊಂಡಿದ್ದರು.

ಅದು ನಿಜಾಮರ ಕಾಲದಲ್ಲಿ ಪರಸಿ ಕಲ್ಲುಚಪ್ಪಡಿಯ ವ್ಯಾಪಾರಿಗಳು ಕಚೇರಿಗೆಂದು ಕಟ್ಟಿಸಿದ ಎರಡಂತಸ್ತಿನ ಕಲ್ಲು ಕಟ್ಟಡ. ಬೀಗ ಬಿದ್ದು ಪಾರಿವಾಳಗಳ ಪಾಲಾಗಿತ್ತು. ಹೈಸ್ಕೂಲಿನಲ್ಲಿ ಟೀಚರಾಗಿದ್ದ ಪದ್ಮಶ್ರೀಯ ಹತ್ತಿರವೇ ಕಲಿತು ಈಗ ಕಂಟ್ರಾಕ್ಟರನಾಗಿದ್ದ ಲಕ್ಷ್ಮಿಕಾಂತ, "ಅಕ್ಕೋರ, ಇದನ್ನ ತಗೊಂಡು ಛಂದ ಮಾಡಿ ಆಫೀಸಿಗಿ ಬಾಡಿಗಿ ಕೊಡೂಣ್ರಿ" ಎಂದಿದ್ದ. ಅವನು ಸುಲೇಪೇಟದ ಹೊಲ ಮಾರಿ ಹಾಕಿದ. ಅವಳು ನಿವೃತ್ತಿಯಾದಾಗ ಬಂದದ್ದನ್ನೆಲ್ಲ ಹಾಕಿದಳು. ಕಲಬುರಗಿಯ ರಿಂಗ್ ರೋಡಿನಲ್ಲಿ ಪ್ಲಾಟು ಕೊಳ್ಳೋಣವೆಂದಿದ್ದ ಗಂಡ ಶ್ರೀರಾಮರಾಯರು, "ನಿನ್ನ ದುಡ್ಡು, ನಿನ್ನ ಇಚ್ಛಾ" ಎಂದು ಸುಮ್ಮನಾಗಿದ್ದರು. ಯುಗಾದಿ ಹೋಗಿ ದೀಪಾವಳಿ ಬಂದರೂ ಒಬ್ಬ ಬಾಡಿಗೆದಾರನೂ ಸಿಕ್ಕಿರಲಿಲ್ಲ. ಗಂಡನ ಆ ಮೌನ ದಿನವೂ ಊಟಕ್ಕೆ ಅವಳ ಪಕ್ಕದಲ್ಲೇ ಬಂದು ಕೂರುತ್ತಿತ್ತು.

ಶಗುಫ್ತಾಗೆ ಅವಸರವೇ ಇರಲಿಲ್ಲ. ಕೆಳಗಿನ ಕೋಣೆಗಳನ್ನು ನೋಡಿದರು, ನಲ್ಲಿ ತಿರುಗಿಸಿದರು, ಮೆಟ್ಟಿಲು ಹತ್ತಿ ಮೇಲಿನ ದೊಡ್ಡ ಹಾಲಿಗೆ ಬಂದರು. ಲಕ್ಷ್ಮಿಕಾಂತ ಹಿಂದಿನಿಂದ ಹಣೆ ಒರೆಸಿಕೊಳ್ಳುತ್ತಲೇ ಇದ್ದ.

"ಮೇಡಂ, ಚಹಾ ಸ್ಟೇಶನ್ ಹತ್ರ ಕುಡಿಯೂಣ ನಡ್ರಿ. ಅಲ್ಲಿ ಭಾಳ ಛಲೋ ಮಾಡ್ತಾರ."

"ಇಲ್ಲೇ ತರಸ್ರಿ. ನನಗೇನು ಗಡಿಬಿಡಿ ಇಲ್ಲ." ಶಗುಫ್ತಾ ಕಿಟಕಿಯ ಮೂಲೆಗೆ ಬಗ್ಗಿ ನೋಡಿದರು. "ಇಲ್ಲಿ ಸಣ್ಣದೊಂದು ಬಿರುಕು ಅದಲ್ಲ? ಖಣಿದು ಬ್ಲಾಸ್ಟಿಂಗ್ ಇಲ್ಲಿತನಾ ಗೊತ್ತಾಗ್ತದೇನ್ರಿ?"

"ಎಲ್ಲೀದ್ರಿ ಮೇಡಂ! ಖಣಿ ಭಾಳ ದೂರ ಅದ. ಏನಂದ್ರ ಏನೂ ಗೊತ್ತಾಗಂಗಿಲ್ಲ" ಎಂದ ಲಕ್ಷ್ಮಿಕಾಂತ.

ಪದ್ಮಶ್ರೀ ಗಡಿಯಾರ ನೋಡಿಕೊಂಡಳು. ಬಾಯಿ ಮುಚ್ಚಿಕೊಂಡು, ಹೇಗೋ ಈ ಹೆಂಗಸನ್ನು ಬೇಗನೆ ಆಟೊ ಹತ್ತಿಸಿದರೆ ಕರಾರು ಆಗಿಯೇಹೋಗುತ್ತದೆ. ಆಮೇಲೆ? ಇವತ್ತು ತಪ್ಪಿಸಿದರೂ ನಾಳೆ ನಾಲ್ಕು ಗಂಟೆ ಆಗಿಯೇ ಆಗುತ್ತದೆ. ಇಲ್ಲಿ ಜನ ತಲೆ ತಗ್ಗಿಸಿ ಕೆಲಸ ಮಾಡುತ್ತ ಕೂತಿರುತ್ತಾರೆ. ಅತ್ತ ತಾನು ಮನೆಯಲ್ಲಿ ದಿನವೂ ಆ ಹೊತ್ತಿಗೆ ಫೋನು ಎಲ್ಲಿ ಬಡಿದುಕೊಳ್ಳುವುದೋ ಎಂದು ಉಸಿರು ಬಿಗಿಹಿಡಿದಿರಬೇಕು. ಅದನ್ನು ನೆನೆದರೇ ಅವಳಿಗೆ ಆಯಾಸವಾಯಿತು.

"ಗೊತ್ತಾಗ್ತದರಿ," ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು. "ದಿನಾ ನೆಲ ನಡಗತದ. ಇನ್ನೇನು ಈಗ ಆಗೂ ಹೊತ್ತು. ಗ್ವಾಡಿಗೆ ಏನೂ ಆಗಂಗಿಲ್ಲ ಅಂತ ಇಂಜಿನಿಯರ್ ಅಂದಾರ. ಆದ್ರ ಖರೇ ಹೇಳತೀನಿ, ಆ ಹೊತ್ತಿನ್ಯಾಗ ನಾ ಒಂದ್ಸಲಾನೂ ಈ ಮ್ಯಾಲಿನ ಹಾಲಿನ್ಯಾಗ ನಿಂತಿಲ್ಲ."

"ಅಕ್ಕೋರ!" ಎಂದ ಲಕ್ಷ್ಮಿಕಾಂತ.

ಶಗುಫ್ತಾ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಹೊರಟೇಬಿಡುತ್ತಾರೆ ಎಂದುಕೊಂಡಳು ಪದ್ಮಶ್ರೀ. ಅವರು ಬ್ಯಾಗನ್ನು ಹೆಗಲಿನಿಂದ ಇಳಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟರು. "ಹಂಗಾದ್ರ ಮೂವರೂ ನಿಂತೇ ನೋಡೂಣ" ಎಂದರು.

ನಿಂತರು. ಕೆಳಗೆ ಬಾಳೆಹಣ್ಣಿನ ಗಾಡಿಯವನು ಕೂಗುತ್ತಿದ್ದ. ನಾಲ್ಕಾಯಿತು, ಏನೂ ಆಗಲಿಲ್ಲ. ಮತ್ತೂ ಸ್ವಲ್ಪ ಹೊತ್ತು ಕಳೆಯಿತು. "ಇವತ್ತು ಇಲ್ಲ ಕಾಣಸ್ತದ್ರಿ" ಎಂದು ಲಕ್ಷ್ಮಿಕಾಂತ ನಗಲು ನೋಡುವಷ್ಟರಲ್ಲಿ ದೂರದಲ್ಲಿ ಸೈರನ್ ಕೂಗಿ ನಿಂತಿತು. ಪದ್ಮಶ್ರೀ ಕಣ್ಣು ಮುಚ್ಚಿದಳು. ಮೊದಲು ಅಂಗಾಲಿನಡಿ ನಡುಕ ಬಂತು, ಅದರ ಬೆನ್ನಿಗೇ ಎದೆಯೊಳಗೆ ಗುದ್ದಿದಂಥ ಸದ್ದು. ಕಿಟಕಿಯ ಗಾಜುಗಳೆಲ್ಲ ಹಲ್ಲು ಕಡಿದವು. ತಲೆಯ ಮೇಲೇನೋ ಚಟಚಟನೆ ಬಿರಿಯಿತು. "ಗುರುರಾಯರ!" ಎಂದು ಅವಳು ಕೂಗಿದ್ದೂ ಹಾಲಿನ ನಡುವೆ ಏನೋ ಧಡಾರನೆ ಬಿದ್ದದ್ದೂ ಒಟ್ಟಿಗೇ ಆಯಿತು.

ಕಣ್ಣು ತೆರೆದಾಗ ಬಿಳಿಯ ಧೂಳು. ನವೀಕರಣದಲ್ಲಿ ಲಕ್ಷ್ಮಿಕಾಂತ ಹಳೆಯ ಚಾವಣಿ ಮುಚ್ಚುವಂತೆ ಬಲು ಹುರುಪಿನಿಂದ ಮಾಡಿಸಿದ ಪಿಒಪಿ ಸೀಲಿಂಗಿನ ಅರ್ಧದಷ್ಟು ಭಾಗ, ಬಣ್ಣದ ದೀಪಗಳ ಸಮೇತ ನೆಲದ ಮೇಲೆ ಚೂರುಚೂರಾಗಿ ಬಿದ್ದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಲಕ್ಷ್ಮಿಕಾಂತ ಚೂರುಗಳ ಪಕ್ಕದಲ್ಲೇ ಕುಳಿತ. "ಈಗಿನ ಆಫೀಸ್ನೋರಿಗಿ ಇಂಥಾದ್ದೇ ಬೇಕಂತ..." ಎನ್ನುತ್ತ ಒಂದು ಚೂರನ್ನು ಕೈಗೆತ್ತಿಕೊಂಡ.

ಶಗುಫ್ತಾ ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿಕೊಂಡು ಮೇಲೆ ನೋಡಿದರು. ಪದ್ಮಶ್ರೀಯೂ ನೋಡಿದಳು. ಹರಿದುಹೋದ ಬಿಳುಪಿನ ಆಚೆ ಸಾಗವಾನಿಯ ದಪ್ಪ ತೊಲೆಗಳು, ಅವುಗಳ ಮೇಲೆ ಅಂಚಿಗೆ ಅಂಚು ಕೂಡಿ ಮಲಗಿದ ಉದ್ದುದ್ದ ಪರಸಿ ಚಪ್ಪಡಿಗಳು. ಒಂದು ಕಲ್ಲೂ ಕದಲಿರಲಿಲ್ಲ.

ಶಗುಫ್ತಾ ಬ್ಯಾಗು ಹೆಗಲಿಗೇರಿಸಿದರು.

"ಮುಂದಿನ ವಾರ ನಮ್ಮ ಇಂಜಿನಿಯರನ್ನ ಕರಕೊಂಡು ಬರ್ತೀನ್ರಿ, ಇದೇ ಹೊತ್ತಿಗೆ. ಅವರು ಹೂಂ ಅಂದ್ರ ನೋಡೂಣ." ಮೆಟ್ಟಿಲ ಹತ್ತಿರ ಹೋದವರು ತಿರುಗಿ ನಿಂತರು. "ಅಲ್ಲಿತನಕ ನೀವು ಹೊಸದಾಗಿ ಮಾಡಿಸಿದ್ದೆಲ್ಲಾ ತಗಸಿಬಿಡ್ರಿ."